ಊರೊಲೆಯ ಕಾವು

ಈ ಊರನ್ನು ಕಣ್ಣಿಂದ ಕಂಡವರು ಯಾರೂ ಇಲ್ಲ. ಇದರ ಅನ್ನದಲ್ಲಿ ಬದುಕದವರೂ ಯಾರೂ ಇಲ್ಲ. ಅಲ್ಲಿಗೆ ಸೂರ್ಯ ಹೋಗುವುದಿಲ್ಲ, ಚಂದ್ರ ಹೋಗುವುದಿಲ್ಲ. ಊರಿನ ನಟ್ಟನಡುವೆ ಒಂದು ಒಲೆ ಇದೆ, ಅದಕ್ಕೆ ಊರೊಲೆ ಎನ್ನುತ್ತಾರೆ. ಅದರ ಕಾವೇ ಆ ಊರಿನ ಬಿಸಿಲು, ಅದರ ಕಾವೇ ಆ ಊರಿನ ಬೆಳದಿಂಗಳು. ಊರಿನ ಅಂಚಿಗೆ ಒಂದು ಹೊಳೆ ಹರಿಯುತ್ತದೆ. ಎಲ್ಲಿಂದ ಬರುತ್ತದೆಂದು ಕೇಳಬಾರದು, ಎಲ್ಲಿಗೆ ಹೋಗುತ್ತದೆಂದು ಕೇಳಬಾರದು. ಅನ್ನ ತರುವುದು ಆ ಹೊಳೆಯೇ.

ಆದರೆ ಅಲ್ಲಿ ಅನ್ನವು ಅನ್ನವಾಗಿ ಬರುವುದಿಲ್ಲ, ಗಂಟಾಗಿ ಬರುತ್ತದೆ.

ಗಂಟೆಂದರೆ ಹರಳು ಹರಳನ್ನು ತಬ್ಬಿ ಹಿಡಿದ ಗಂಟು. ಕತ್ತಿ ಹಾಕಿದರೆ ಕತ್ತಿಯೇ ಮೊಂಡಾಗುತ್ತದೆ. ಬೆಂಕಿಗೆ ಹಾಕಿದರೆ ಗಂಟು ಬಿಡುವ ಮೊದಲು ಹರಳು ಬೂದಿಯಾಗುತ್ತದೆ. ಸುಮ್ಮನೆ ಮುಂದಿಟ್ಟುಕೊಂಡು ಕಾದರೆ ಎಂದಾದರೊಂದು ದಿನ ತಾನಾಗಿ ಬಿಟ್ಟುಕೊಳ್ಳುತ್ತದೆ, ಅದು ಸುಳ್ಳಲ್ಲ. ಆದರೆ ಅಷ್ಟು ಹೊತ್ತಿಗೆ ಕಾದವನ ಮೊಮ್ಮಗನ ಮೊಮ್ಮಗನೂ ಮಣ್ಣಾಗಿರುತ್ತಾನೆ. ಹಸಿವು ಅಷ್ಟು ಕಾಯುವ ಪ್ರಾಣಿಯಲ್ಲ. ಅದಕ್ಕೇ ಭಗವಂತ ಆ ಊರಿಗೆ ಬಿಡಿಸುವ ಹೆಂಗಸರನ್ನು ಕೊಟ್ಟ.

ಬಿಡಿಸುವಾಕೆಯ ಅಂಗೈ ನಮ್ಮ ನಿಮ್ಮ ಅಂಗೈಯಂತಲ್ಲ. ಅದರ ನಡುವೆ ಒಂದು ಗುಳಿ ಇರುತ್ತದೆ. ಒಬ್ಬೊಬ್ಬಳ ಗುಳಿಗೆ ಒಂದೊಂದೇ ಬಗೆಯ ಗಂಟು ಕೂರುತ್ತದೆ. ಹಿಟ್ಟಿನ ಗಂಟು ಬಿಡಿಸುವವಳ ಕೈಗೆ ಹಾಲುಗಂಟು ಇಟ್ಟರೆ ಬಂಡೆಯ ಮೇಲೆ ಇಟ್ಟ ಹಾಗೆಯೇ. ತನ್ನ ಗಂಟು ಬಂದು ಕೂತಾಗ ಮಾತ್ರ ಗುಳಿ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ, ಚಳಿಗೆ ಅಳುವ ಕೂಸನ್ನು ತಾಯಿ ಸೆರಗಿನೊಳಗೆ ಎಳೆದುಕೊಂಡ ಹಾಗೆ. ಗಂಟು ಒಂದಿಷ್ಟು ಬಾಗುತ್ತದೆ, ಅಂಗೈಯೂ ಒಂದಿಷ್ಟು ಬಾಗುತ್ತದೆ. ಆಗ ಒಂದು ಗಳಿಗೆ ಬರುತ್ತದೆ, ಗಂಟು ಕಟ್ಟಿಕೊಂಡೂ ಇಲ್ಲದ, ಬಿಟ್ಟುಕೊಂಡೂ ಇಲ್ಲದ ಗಳಿಗೆ. ಅದನ್ನು ನೋಡಬಾರದೆಂದು ಊರಿನವರು ಕಣ್ಣು ಮುಚ್ಚುತ್ತಾರೆ. ಕಣ್ಣು ತೆರೆದರೆ ಹರಳುಗಳು ಬೇರೆಬೇರೆಯಾಗಿ ಬಿದ್ದಿರುತ್ತವೆ. ಅಂಗೈ ಮಾತ್ರ ಮೊದಲು ಹೇಗಿತ್ತೋ ಹಾಗೇ ಇರುತ್ತದೆ. ಸವೆದಿರುವುದಿಲ್ಲ, ಕರಗಿರುವುದಿಲ್ಲ, ಒಂದು ಕಣವನ್ನೂ ತನಗೆಂದು ಇಟ್ಟುಕೊಂಡಿರುವುದಿಲ್ಲ.

ಮಣೆಯ ಮೇಲೆ ಕೂರುವ ಮುಂಚೆ ಅವರೆಲ್ಲ ಬೂದಿನೀರಿನಲ್ಲಿ ಕೈ ತೊಳೆದು, ಬೆರಳಿಗೆ ತಾಮ್ರದ ಉಂಗುರ ಹಾಕಿಕೊಂಡು ಒಂದು ಮಾತು ಹೇಳುತ್ತಾರೆ:

"ಬಿಡಿಸುವವಳು ನಾನಲ್ಲ. ಬಿಡುವುದು ಗಂಟಿನ ಗುಣ. ನಾನು ದಾರಿ."

ದಾರಿಗೆ ಒಂದು ಕಷ್ಟವಿದೆ. ನಡೆಯುವವನು ಬಂದರೆ ದಾರಿ ಬೇಡವೆನ್ನಲಾರದು. ತನ್ನ ಗಂಟು ಬಂದರೆ ಅಂಗೈಯೂ ಬೇಡವೆನ್ನಲಾರದು. ಗಂಟಿನ ಮೇಲೆ ಗಂಟು ಬರುತ್ತಿರುವಷ್ಟು ಹೊತ್ತು ಬಿಡಿಸುವಾಕೆ ಮಣೆ ಬಿಟ್ಟು ಏಳಲಾರಳು. ಯಾರೂ ಅವಳನ್ನು ಹಾಗೆಂದು ಕಟ್ಟಿಹಾಕಿಲ್ಲ. ಅವಳು ಹುಟ್ಟಿದ್ದೇ ಹಾಗೆ.

ಆ ಊರಿನಲ್ಲಿ ಹಾಲುಗಂಟು ಬಿಡಿಸುವಾಕೆ ಒಬ್ಬಳಿದ್ದಳು. ಎಳೆಗೂಸುಗಳ ಬಾಯಿಗೂ ಹಲ್ಲುಬಿದ್ದ ಮುದುಕರ ಬಾಯಿಗೂ ಹೋಗುವ ಸಿಹಿ ಹರಳು ಅವಳ ಅಂಗೈಯಿಂದಲೇ ಬರಬೇಕಿತ್ತು. ಅವಳ ಪಕ್ಕದ ಮಣೆಯಲ್ಲಿ ಅವಳ ಅಕ್ಕ ಹಿಟ್ಟಿನ ಗಂಟು ಬಿಡಿಸುತ್ತಿದ್ದಳು. ಹಾಲುಗಂಟಿನವಳ ಗಂಡ ಊರೊಲೆ ಕಾಯುತ್ತಿದ್ದ. ಊರಿನವರು ಅವನನ್ನು ಒಲೆಯವನು ಎಂದೇ ಕರೆಯುತ್ತಿದ್ದರು. ಅವರಿಗೆ ಒಂದು ಹೆಣ್ಣುಕೂಸು. ಒಲೆಯವನು ಮಾತಿನಲ್ಲೂ ನಿಧಾನ, ನಡಿಗೆಯಲ್ಲೂ ನಿಧಾನ. ದೇವರಿಗೆ ಕೈಮುಗಿದು, ಅಪ್ಪ ಹಾಕುತ್ತಿದ್ದಷ್ಟೇ ಸೌದೆ ಹಾಕಿ, ಒಲೆಯ ಮುಂದೆ ಕೂರುತ್ತಿದ್ದ. ಎದುರಿಗೇ ಹೆಂಡತಿಯ ಮಣೆ. ಗಂಟು ಬಂದು ಕೂರುವುದನ್ನು ನೋಡುತ್ತ ಅವನು ಕೂಸನ್ನು ತೊಡೆಯ ಮೇಲೆ ತೂಗುತ್ತಿದ್ದ.

ಒಂದು ಕಾಲಕ್ಕೆ ಹೊಳೆ ತಣ್ಣಗೆ ಬಂತು.

ಹೊಳೆ ತಣ್ಣಗಾದದ್ದೇ ಬಿಡಿಸುವ ಹೆಂಗಸರ ಅಂಗೈಗಳು ಮಂದವಾದವು. ಗುಳಿ ಮುಚ್ಚುವುದಕ್ಕೂ ತಡ, ತೆರೆಯುವುದಕ್ಕೂ ತಡ. ದಡದ ಮೇಲೆ ಗಂಟುಗಳು ರಾಶಿ ಬಿದ್ದವು. ರಾಶಿ ಬಿದ್ದ ಅನ್ನದ ಎದುರಿಗೇ ಜನ ಹಸಿದು ಕೂತರು. ಊರಿನ ಯಜಮಾನ ಶಾಲು ಹೊದ್ದುಕೊಂಡು ಒಲೆಯ ಹತ್ತಿರ ಬಂದ.

"ಏನಪ್ಪಾ, ನಿನ್ನ ಒಲೆ ತೂಕಡಿಸ್ತಾ ಇದೆಯೋ, ನೀನು ತೂಕಡಿಸ್ತಾ ಇದ್ದೀಯೋ?"

"ಅಪ್ಪ ಹಾಕ್ತಿದ್ದಷ್ಟೇ ಹಾಕಿದೀನಿ, ಯಜಮಾನ್ರೇ."

"ನಿಮ್ಮಪ್ಪನ ಕಾಲದ ಹೊಳೆ ಇದಲ್ಲವಲ್ಲೋ. ಇನ್ನೆರಡು ಕೊರಡು ನೂಕು."

ಒಲೆಯವನು ನೂಕಿದ. ಕಾವು ಏರಿತು. ಮರಗಟ್ಟಿದ್ದ ಅಂಗೈಗಳು ಎದ್ದವು. ಗಂಟುಗಳು ಕೂತವು, ಬಾಗಿದವು, ಬಿಟ್ಟುಕೊಂಡವು. ಊರು ಉಂಡಿತು. ಯಜಮಾನನ ಮಾತು ಸುಳ್ಳಾಗಿರಲಿಲ್ಲ.

ಭಯ ಶುರುವಾದದ್ದು ಆ ಊಟವಾದ ಮೇಲೆ.

ಉಂಡವರು ಹೊಳೆಯನ್ನು ನೋಡಿದರು. ಅದು ಇನ್ನೂ ತಣ್ಣಗೇ ಹರಿಯುತ್ತಿತ್ತು. ನಾಳೆ ಇನ್ನೂ ತಣ್ಣಗಾದರೆ? ಇನ್ನೊಂದು ಕೊರಡು ಇರಲಿ ಎಂದರು. ಹಾಕಿದರೆ ಅಂಗೈ ಇನ್ನೂ ಚುರುಕಾಯಿತು. ಚುರುಕಾದದ್ದನ್ನು ಕಂಡು ಮತ್ತೊಂದು ತಂದರು. ತೆಂಗಿನಕಾಯಿ ಒಡೆಯುವವರು ಕಾಯಿ ಬಿಟ್ಟು ಸೌದೆಯ ಹರಕೆ ಹೊತ್ತರು. ಮಗುವಿಗೆ ಹುಷಾರಿಲ್ಲದಿದ್ದರೆ ಒಂದು ಕೊರಡು, ಕೆಟ್ಟ ಕನಸು ಬಿದ್ದರೆ ಒಂದು ಕೊರಡು, ಏನೂ ಇಲ್ಲದಿದ್ದರೆ ಏನಾದರೂ ಆದೀತೆಂದು ಒಂದು ಕೊರಡು. ಅರಿಶಿನ ಕುಂಕುಮ ಹಚ್ಚಿ ತಂದು ಒಲೆಯ ಬಾಯಿಗೆ ಕೊಡುವರು. ಬೆಂಕಿ ಹೆಚ್ಚಿದಷ್ಟೂ ಅಂಗೈ ಚುರುಕು, ಅಂಗೈ ಚುರುಕಾದಷ್ಟೂ ಊರಿಗೆ ಅನ್ನ ಎಂಬುದು ಮಕ್ಕಳ ಬಾಯಿಪಾಠವಾಯಿತು.

ಊರಿನಲ್ಲಿ ಒಬ್ಬಳು ಮುದುಕಿಯಿದ್ದಳು. ತಾಯಿ ಸತ್ತ ಮೊಮ್ಮಗನನ್ನು ಹಾಲುಗಂಟಿನ ಹರಳಿನ ಮೇಲೆಯೇ ಸಾಕುತ್ತಿದ್ದಳು. ಅವಳು ಹರಳಿಗಾಗಿ ಸಾಲಿನಲ್ಲಿ ನಿಂತು ಒಲೆಯವನನ್ನು ನೋಡಿ ನಗುತ್ತಿದ್ದಳು.

"ನಿನ್ನ ಹೆಂಡ್ತಿ ಕೈ ಹೆಂಗೆ ಕುಣೀತಾ ಇದೆ ನೋಡಯ್ಯಾ! ನಿನ್ನ ಮದುವೇಲಿ ಓಲಗದೋರು ಬಡಿದಾಗಲೂ ಹಿಂಗೆ ಕುಣಿದಿರಲಿಲ್ಲ."

ಜನ ನಕ್ಕರು. ಒಲೆಯವನೂ ನಗಲು ನೋಡಿದ. ಹೆಂಡತಿಯ ಮುಖ ನೋಡಿದವನಿಗೆ ನಗು ಬರಲಿಲ್ಲ.

ಗಂಟಿಗೂ ಗಂಟಿಗೂ ನಡುವೆ ಸಿಕ್ಕಿದ ಒಂದು ಚೂರು ಬಿಡುವಿನಲ್ಲಿ ಅವನು ಕೂಸನ್ನು ಅವಳ ಎದೆಗೆ ಹಿಡಿದ. ಅವಳು ಮೆಲ್ಲಗೆ ಅಂದಳು:

"ರೀ, ಗುಳಿ ಒಳಗೆ ಏನೋ ನಡುಗ್ತಾ ಇದೆ. ಗಂಟು ಬಂದು ಕೂರೋಕೆ ಮುಂಚೇನೇ ಅದುರುತ್ತೆ. ಹಿಡಿಯೋ ಕೈಯೇ ನಡುಗಿದ್ರೆ ಹಿಡಿಯೋದು ಹೆಂಗೆ?"

"ನಿನ್ನ ಕೈ ಇಷ್ಟು ಚುರುಕಾಗಿ ಯಾವತ್ತೂ ಇರಲಿಲ್ಲ ಅಂತಾರಲ್ಲೇ ಎಲ್ಲಾರೂ."

"ಆರೋ ದೀಪಕ್ಕೇ ಬೆಳಕು ಜಾಸ್ತಿ ಕಣ್ರೀ."

ಅಷ್ಟರಲ್ಲಿ ಮುಂದಿನ ಗಂಟು ಬಂದು ಅವಳ ಅಂಗೈಯಲ್ಲಿ ಕೂತಿತು. ಕೂಸಿನ ಬಾಯಿಂದ ಮೊಲೆ ಜಾರಿತು. ಅವನು ಕೂಸನ್ನು ಎತ್ತಿಕೊಂಡು ಒಲೆಯ ಹತ್ತಿರ ಹೋದ. ಬೆಂಕಿ ಅವನ ಹುಬ್ಬಿನ ಕೂದಲು ಸುಡುವಷ್ಟು ಬೆಳೆದಿತ್ತು.

ಮೊದಲು ಕೆಟ್ಟದ್ದು ಅಕ್ಕನ ಕೈ.

ಯಾರೂ ಕೂಗಲಿಲ್ಲ, ರಕ್ತ ಬರಲಿಲ್ಲ. ಒಂದು ಗಂಟು ಅವಳ ಅಂಗೈ ಮೇಲೆ ಬಂತು, ಕೂರಲಿಲ್ಲ, ಉರುಳಿ ನೆಲಕ್ಕೆ ಬಿತ್ತು. ಟಣ್ ಎಂದಿತು. ಇನ್ನೊಂದು ಬಂತು. ಅದೂ ಉರುಳಿತು. ಟಣ್. ಸಾಲಿನಲ್ಲಿ ನಿಂತವರು ಮುಚ್ಚಿದ ಕಣ್ಣು ತೆರೆದು ನೋಡಿದರು. ಬೆರಳುಗಳು ಇದ್ದಹಾಗೇ ಇದ್ದವು. ತಾಮ್ರದ ಉಂಗುರವೂ ಇತ್ತು. ನಡುವಿನ ಗುಳಿ ಇರಲಿಲ್ಲ. ಅಲ್ಲಿ ಬೆಳ್ಳಗೆ ಗಟ್ಟಿಯಾದ ಏನೋ ತುಂಬಿಕೊಂಡಿತ್ತು.

ಯಜಮಾನ ಹೆದರಲಿಲ್ಲ. ಹೆದರಿದವರಿಗೆ ಧೈರ್ಯ ಹೇಳುವುದು ಅವನ ಕೆಲಸ.

"ಇದನ್ನೆಲ್ಲ ನಾವು ನೋಡದೇ ಇರೋದಾ? ಹಿಂದೆ ಒಂದ್ಸಾರಿ ಇವಳನ್ನೇ ಮೇಲಿನ ಕೇರಿಗೆ ಕಳಿಸಿದ್ವಿ. ಅಲ್ಲಿನ ಹೆಂಗಸರು ಹುಳಿನೀರಲ್ಲಿ ಕೈ ತೊಳೆಯೋರು, ಇವಳೂ ತೊಳೆದಳು, ಕೈ ಮುದುರಿಕೊಂಡ್ತು. ತಂದು ಬೂದಿನೀರಿಗೆ ಅದ್ದಿದ್ವಿ, ಬಿಚ್ಚಿಕೊಳ್ತು. ಆಮೇಲೆ ಯಾವನೋ ದಾರಿಹೋಕ ಗಂಟಿನ ಥರಾನೇ ಇರೋ ಒಂದು ಕಲ್ಲು ತಂದು ಗುಳೀಲಿ ಕೂರಿಸಿಬಿಟ್ಟಿದ್ದ. ಅದು ಬಿಡೋದೂ ಇಲ್ಲ, ಬೇರೇದಕ್ಕೆ ಜಾಗ ಕೊಡೋದೂ ಇಲ್ಲ. ಕಿತ್ತು ಬಿಸಾಡಿದ್ವಿ, ಸರಿಹೋಯ್ತು. ಚಳಿಗೆ ಮರಗಟ್ಟಿತ್ತು, ಕಾಯಿಸಿದ್ವಿ, ಎದ್ದು ಕೂತ್ಕೊಳ್ತು. ಇದೂ ಹಂಗೇ. ಬಿಸಿಗೆ ಹೋಗಿದ್ದು ತಣ್ಣೀರಿಗೆ ಬರುತ್ತೆ."

ಊರಿಗೆಲ್ಲ ಆ ಮಾತು ಸರಿಯೆನಿಸಿತು. ಹೋದದ್ದೆಲ್ಲ ಈವರೆಗೆ ಬಂದಿತ್ತಲ್ಲ. ಇದು ಬರಲಾರದೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಕ್ಕನನ್ನು ಹೊಳೆಗೆ ಕರೆದೊಯ್ದು ಕೈ ಮುಳುಗಿಸಿ ಹಿಡಿದರು. ಕಾದರು. ಎತ್ತಿ ನೋಡಿದರು. ಗುಳಿ ಇರಲಿಲ್ಲ. ಮತ್ತೆ ಮುಳುಗಿಸಿದರು. ಬೂದಿನೀರು ಹಾಕಿದರು, ಉಂಗುರ ತಿಕ್ಕಿ ಬೆಳಗಿ ಹಾಕಿದರು, ಬಿಡಿಸುವ ಮಾತನ್ನು ಅವಳ ಬಾಯಿಂದ ಹೇಳಿಸಿದರು. "ನಾನು ದಾರಿ" ಎನ್ನುವಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಗಂಟು ತಂದು ಇಟ್ಟರು. ಟಣ್.

ಅಕ್ಕ ಕೈಯನ್ನು ಎಳೆದುಕೊಂಡಳು. "ಬಿಡ್ರಪ್ಪಾ ಸಾಕು," ಅಂದಳು. "ಬೇಯಿಸಿದ ಮೊಟ್ಟೆ ಕಾವಿಗೆ ಕೂರಿಸಿದ್ರೆ ಮರಿ ಬರುತ್ತೇನ್ರಪ್ಪಾ?"

ಆಮೇಲೆ ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ತಂಗಿಯ ಪಕ್ಕದ ತನ್ನ ಹಳೆಯ ಮಣೆಯ ಮೇಲೆ ಹೋಗಿ ಕೂತಳು, ಬರುವ ಗಂಟು ಇಲ್ಲದೆ, ಏಳುವುದಕ್ಕೆ ಅಡ್ಡಿಯಿಲ್ಲದೆ. ಏಳಬಹುದಾಗಿದ್ದರೂ ಏಳದೆ ಕೂತ ಬಿಡಿಸುವಾಕೆಯನ್ನು ಊರು ಅದೇ ಮೊದಲು ಕಂಡದ್ದು. ಜನ ಅವಳತ್ತ ನೋಡುವುದನ್ನು ಬಿಟ್ಟರು. ಮಡಿ ಕೆಟ್ಟಿರಬೇಕು ಎಂದಿತು ಒಂದು ಬಾಯಿ. ಮಾತು ತಪ್ಪಿ ಹೇಳಿರಬೇಕು ಎಂದಿತು ಇನ್ನೊಂದು. ಈಗ ಬೆಂಕಿಯ ಹೆಸರನ್ನು ಯಾವ ಬಾಯಿಯೂ, ಯಜಮಾನನ ಬಾಯಿ ಕೂಡ, ಎತ್ತಲಿಲ್ಲ. ಅಕ್ಕನ ಪಾಲಿನ ಹಿಟ್ಟಿನ ಗಂಟುಗಳು ದಡದಲ್ಲಿ ರಾಶಿಯಾದವು. ಉಳಿದ ಅಂಗೈಗಳು ಇನ್ನೂ ಚುರುಕಾಗಲಿ ಎಂದು ಊರು ಇನ್ನಷ್ಟು ಸೌದೆ ಕಡಿಯಲು ಹೋಯಿತು.

ಒಲೆಯವನಿಗೆ ಕೊಡಲಿಯ ಸದ್ದು ಕೇಳುತ್ತಿತ್ತು. ಎದುರಿಗೆ ಹೆಂಡತಿಯ ಅಂಗೈ ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಈಗ ಒಂದೊಂದು ಗಂಟು ಕೂರುವ ಮುಂಚೆ ಅವಳ ಗುಳಿಯ ಅಂಚಿನಲ್ಲಿ ಜಾರುತ್ತಿತ್ತು. ಜಾರಿ, ಹೇಗೋ ಸಿಕ್ಕಿಕೊಂಡು, ಮತ್ತೆ ಕೂರುತ್ತಿತ್ತು. ಪ್ರತಿಸಲ ಜಾರಿದಾಗಲೂ ಅವನ ಕಿವಿ ಟಣ್ ಎನ್ನುವ ಸದ್ದಿಗೆ ಕಾಯುತ್ತಿತ್ತು. ಅವಳು ತಲೆ ಎತ್ತಿ ಅವನನ್ನು ನೋಡಿದಳು. ಅವನು ಕಣ್ಣು ತಪ್ಪಿಸಿದ.

ಅವನು ಚಿಮಟ ಹಿಡಿದು ಒಂದು ಕೊರಡನ್ನು ಒಲೆಯಿಂದ ಹೊರಗೆಳೆದ. ಸೌದೆ ಹೊತ್ತು ಬರುತ್ತಿದ್ದವರು ಅದನ್ನು ಕಂಡರು.

"ಏಯ್! ಏನ್ ಮಾಡ್ತಿದೀಯೋ?" ಯಜಮಾನ ಓಡಿ ಬಂದ.

"ಕಾವು ಜಾಸ್ತಿ ಆಯ್ತು, ಯಜಮಾನ್ರೇ. ಅಕ್ಕನ ಕೈ ತೆಗೆದಿದ್ದು ಈ ಬೆಂಕಿ. ಇವಳ ಕೈಯೂ ಹೋಗುತ್ತೆ."

"ಇವಳ ಕೈ ಹೋಗುತ್ತೆ ಅಂತ ನಿಂಗೆ ಹೇಳಿದವರಾರು? ಎಲ್ಲರ ಕಣ್ಣ ಮುಂದೆ ಕುಣೀತಾ ಇದೆ. ಹೆಂಡ್ತಿ ಕೈ ನೋಯುತ್ತೆ ಅಂತ ಊರನ್ನ ಉಪವಾಸ ಕೆಡವ್ತೀಯಾ?"

"ಒಳಗೆ ನಡುಗ್ತಾ ಇದೆ."

"ಎಲ್ಲಿ? ನಂಗೆ ಕಾಣಿಸ್ತಾ ಇಲ್ಲವಲ್ಲ."

"ನಂಗೂ ಕಾಣಿಸ್ತಾ ಇಲ್ಲ."

"ಮತ್ತೆ?"

ಒಲೆಯವನು ಮನಸ್ಸಿನಲ್ಲೇ ಅಳತೆಗಾಗಿ ಹುಡುಕಿದ. ಅಪ್ಪ ಹಾಕುತ್ತಿದ್ದಷ್ಟು ಎಂಬ ಅಳತೆ ಒಂದಿತ್ತು, ಅದನ್ನು ತಣ್ಣನೆಯ ಹೊಳೆ ಸುಳ್ಳು ಮಾಡಿತ್ತು. ಇನ್ನೊಂದು ಕೊರಡು ಎಂಬ ಅಳತೆ ಒಂದಿತ್ತು, ಅದಕ್ಕೆ ಕೊನೆಯೇ ಇರಲಿಲ್ಲ. ಹಿಂದೆ ನಿಂತವರು ಕೊರಡುಗಳನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿಕೊಳ್ಳುತ್ತ, "ಅವನು ಸರಿಯದಿದ್ರೆ ಎತ್ತಿ ಪಕ್ಕಕ್ಕೆ ಇಡಿ, ನಾವೇ ಹಾಕ್ತೀವಿ" ಎನ್ನುತ್ತಿದ್ದರು.

ಆಗ ಅವನು ಮಾಡಿದ ಕೆಲಸವನ್ನು ಹೇಳಲು ನಾಲಿಗೆ ಹಿಂಜರಿಯುತ್ತದೆ.

ಅವನು ತೊಟ್ಟಿಲ ಹತ್ತಿರ ಹೋಗಿ ಕೂಸನ್ನು ಎತ್ತಿಕೊಂಡ. ಹೊದಿಸಿದ್ದ ಬಟ್ಟೆ ತೆಗೆದ. ಒಲೆಯ ಕಡೆಗೆ ನಡೆದ.

"ರೀ," ಹೆಂಡತಿ ಮಣೆಯಿಂದ ಕೂಗಿದಳು. "ರೀ, ಮಗೂನ ಎಲ್ಲಿಗೆ ಕರ್ಕೊಂಡು ಹೋಗ್ತಿದೀರ? ಅಲ್ಲಿ ಬಿಸಿ ಕಣ್ರೀ. ರೀ!"

ಏಳಲು ಅವಳ ಕಾಲು ಹವಣಿಸಿತು. ಗಂಟು ಬಂದು ಅಂಗೈಯಲ್ಲಿ ಕೂತಿತು. ಕೂತ ಗಂಟನ್ನು ಅಂಗೈ ಬಿಡಲಿಲ್ಲ. ಪಕ್ಕದಲ್ಲಿದ್ದ ಅಕ್ಕ ಏಳಬಹುದಾಗಿತ್ತು. ಅವಳು ಎದ್ದು ನಿಂತಳು, ಆದರೆ ಯಾವ ಕಡೆಗೆ ಹೋಗಬೇಕೆಂದು ತಿಳಿಯದೆ ನಿಂತಲ್ಲೇ ನಿಂತಳು.

ಒಲೆಯವನು ಒಲೆಕಟ್ಟೆಯ ಮೇಲೆ, ಬೆಂಕಿಯ ಬಾಯಿಗೆ ಒಂದು ಮೊಳ ದೂರದಲ್ಲಿ ಕೂಸನ್ನು ಮಲಗಿಸಿದ. ಕೂಸು ಕೆಂಪಗಾಗಿ ಕಿರುಚಿಕೊಂಡಿತು. ಅವನು ಕಣ್ಣೀರು ಒರೆಸಿಕೊಳ್ಳದೆ ಚಿಮಟ ಹಿಡಿದು ಒಂದು ಕೊರಡು ಹೊರಗೆಳೆದ. ಕೂಸು ಅಳುತ್ತಲೇ ಇತ್ತು. ಇನ್ನೊಂದು ಎಳೆದ. ಅಳು ಬಿಕ್ಕಿಗೆ ಇಳಿಯಿತು. ಮತ್ತೊಂದು ಎಳೆದ. ಕೂಸು ಬೆರಳು ಬಾಯಿಗಿಟ್ಟುಕೊಂಡು ಸುಮ್ಮನಾಯಿತು. ಅವನು ಚಿಮಟವನ್ನು ಕೆಳಗಿಟ್ಟ.

"ನಿಂಗೇನು ತಲೆ ಕೆಟ್ಟಿದೆಯೇನೋ?" ಯಜಮಾನನ ಧ್ವನಿ ಒಡೆದಿತ್ತು. "ಹೆತ್ತ ಕೂಸನ್ನ ಬೆಂಕಿ ಮುಂದೆ..."

"ಅಂಗೈಗೆ ಬಾಯಿಲ್ಲ, ಯಜಮಾನ್ರೇ. ಕೂಸಿಗೆ ಬಾಯಿದೆ. ಆ ಅಂಗೈ ಯಾವ ಕಾವಲ್ಲಿ ಬೆಳೀತೋ ಈ ಕೂಸಿನ ಮೈಯೂ ಅದೇ ಕಾವಲ್ಲಿ ಬೆಳೆದಿದ್ದು. ಇದು ಸುಮ್ಮನಿದ್ರೆ ಅದೂ ಸುಖವಾಗಿದೆ. ಚಳಿಯಾಗಿ ಅತ್ತರೆ ಸೌದೆ ನಾನೇ ಹಾಕ್ತೀನಿ. ಇದಕ್ಕಿಂತ ಜಾಸ್ತಿ ಬೇಕು ಅನ್ನೋರು, ಬನ್ನಿ, ನಿಮ್ಮ ಕೈಯಾರೆ ಹಾಕಿ. ನಾನು ಅಡ್ಡ ಬರೋದಿಲ್ಲ."

ಹೀಗೆಂದು ಅವನು ನಿಜವಾಗಿಯೂ ಪಕ್ಕಕ್ಕೆ ಸರಿದು ನಿಂತ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. 

ಯಾರೂ ಬರಲಿಲ್ಲ. ಯಜಮಾನ ಜನರನ್ನು ನೋಡಿದ, ಜನ ಯಜಮಾನನನ್ನು ನೋಡಿದರು. ಕಾವು ಇಳಿಯಿತು. ಹೆಂಡತಿಯ ಅಂಗೈಯ ವೇಗ ತಗ್ಗಿತು. ಹಸಿದವರ ಕಣ್ಣೆದುರಿಗೇ ತಗ್ಗಿತು.

ಆಗ ಸಾಲಿನಿಂದ ಮುದುಕಿ ಹೊರಟಳು.

ಅವಳ ಮೊಮ್ಮಗ ಬಹಳ ಹೊತ್ತಿನಿಂದ ಸರದಿ ಬಾರದೆ, ಏನೂ ತಿನ್ನದೆ ಅವಳ ಬೆನ್ನಿಗೆ ಕಟ್ಟಿದ ಬಟ್ಟೆಯಲ್ಲಿ ಅಳಲೂ ತ್ರಾಣವಿಲ್ಲದೆ ನೇತಾಡುತ್ತಿದ್ದ. ಅವಳ ಕೈಯಲ್ಲಿ ಅರಿಶಿನ ಹಚ್ಚಿದ ಒಂದು ಕೊರಡಿತ್ತು. ಅಂದು ನಗಿಸಿದ್ದವಳ ಮುಖದಲ್ಲಿ ಈಗ ನಗೆಯ ಗುರುತೇ ಇರಲಿಲ್ಲ. ಅವಳು ಒಲೆಯತ್ತ ಒಂದೊಂದೇ ಹೆಜ್ಜೆ ಇಟ್ಟಳು. ಒಲೆಯವನು ಅಡ್ಡ ಬರುವುದಿಲ್ಲವೆಂದು ಆಡಿದ ಮಾತನ್ನು ಹಲ್ಲು ಕಚ್ಚಿ ಹಿಡಿದುಕೊಂಡ.

"ಅಜ್ಜೀ," ಬಿಡಿಸುವಾಕೆ ಕೂಗಿದಳು. "ಅಜ್ಜೀ, ನಿನ್ನ ಕಾಲು ಹಿಡೀತೀನಿ. ಬೇಡ. ಅಜ್ಜೀ..."

ಅವಳು ಕೂಗುತ್ತಿರುವಾಗಲೂ ಅವಳ ಅಂಗೈ ಗಂಟನ್ನು ಹಿಡಿದು ಬಾಗಿಸುತ್ತಿತ್ತು, ಬಿಡಿಸಿದ ಹರಳುಗಳನ್ನು ಅವಳ ಮಡಿಲಿಗೆ ಹಾಕುತ್ತಿತ್ತು. ಅವಳ ಬಾಯಿ ಒಂದು ಲೋಕದಲ್ಲಿತ್ತು, ಕೈ ಇನ್ನೊಂದು ಲೋಕದಲ್ಲಿತ್ತು.

ಮುದುಕಿ ಒಲೆಯ ಬಾಯಿಗೆ ಬಂದಳು. ಕೊರಡನ್ನು ಎತ್ತಿದಳು. ಕೂಸು ಕಣ್ಣರಳಿಸಿ ಆ ಹಳದಿ ಕೊರಡನ್ನು ನೋಡಿತು, ಆಟದ ಸಾಮಾನೆಂದು ತಿಳಿದು ಕೈ ಚಾಚಿತು.

 ಮುದುಕಿಯ ಬೆನ್ನ ಮೇಲಿನ ಮೊಮ್ಮಗ ಒಮ್ಮೆ ಕ್ಷೀಣವಾಗಿ ನರಳಿದ. ಅವಳ ತೋಳು ಮುಂದಕ್ಕೆ ಅಲ್ಲಾಡಿತು. 

"ಹಾಳಾದೋನೆ," ಅಂದಳು ಮುದುಕಿ ಒಲೆಯವನಿಗೆ. "ಎಂಥಾ ಕೆಲಸ ಮಾಡಿಟ್ಟೆಯಲ್ಲೋ, ಹಾಳಾದೋನೆ."

ಅವಳು ಕೊರಡನ್ನು ನೆಲದ ಮೇಲೆ ಅಡ್ಡ ಹಾಕಿ ಅದರ ಮೇಲೆಯೇ ಕೂತುಬಿಟ್ಟಳು. ಬೆನ್ನಿನ ಬಟ್ಟೆ ಬಿಚ್ಚಿ ಮೊಮ್ಮಗನನ್ನು ಮಡಿಲಿಗೆ ಹಾಕಿಕೊಂಡು, ಬಿಡಿಸುವಾಕೆಯ ಕಡೆಗೆ ಮುಖ ಮಾಡಿ, "ನನ್ನ ಸರದಿ ಬಂದಾಗ ಹೇಳ್ರಪ್ಪಾ" ಅಂದಳು.

ಅವಳ ಹಿಂದೆ ನಿಂತವನು ತನ್ನ ಕೊರಡನ್ನು ಇಳಿಸಿ ಅದರ ಮೇಲೆ ಕೂತ. ಅವನ ಹಿಂದಿನವಳೂ ಕೂತಳು. ಹೀಗೆ ಸಾಲೆಲ್ಲ ಕೂತಿತು. ಕೊನೆಗೆ ಯಜಮಾನನೂ ಯಾರದೋ ಕೊರಡಿನ ತುದಿಯಲ್ಲಿ ಜಾಗ ಮಾಡಿಕೊಂಡು ಕೂತ. ಬಿಡಿಸುವಾಕೆಯ ಅಂಗೈಗೆ ಒಂದು ಗಂಟು ಬಂತು. ಗುಳಿಯ ಅಂಚಿನಲ್ಲಿ ಜಾರಲಿಲ್ಲ. ನೇರವಾಗಿ ಕೂತಿತು, ಬಾಗಿತು, ಬಿಟ್ಟುಕೊಂಡಿತು. ಕಾಯಬೇಕಾಯಿತು, ಆದರೆ ಬಿಟ್ಟುಕೊಂಡಿತು. ಅಕ್ಕ ಮೊದಲ ಹರಳುಗಳನ್ನು ತನ್ನ ಕೆಟ್ಟ ಅಂಗೈಯಲ್ಲೇ ಆಯ್ದುಕೊಂಡು ಹೋಗಿ ಮುದುಕಿಯ ಮೊಮ್ಮಗನ ಬಾಯಿಗೆ ಹಾಕಿದಳು.

ಕೂಸು ಒಲೆಕಟ್ಟೆಯ ಮೇಲೆ ನಿದ್ದೆಹೋಯಿತು. ಒಲೆಯವನು ಅದರ ಪಕ್ಕದಲ್ಲಿ ಕೂತು ಅದರ ಅಂಗಾಲಿನ ಮೇಲೆ ಕೈ ಇಟ್ಟುಕೊಂಡಿದ್ದ. ಹೆಂಡತಿ ಅವನನ್ನು ನೋಡುತ್ತಲೇ ಇದ್ದಳು. ಆ ನೋಟದಲ್ಲಿ ಕೃತಜ್ಞತೆಯೂ ಇತ್ತು, ಕ್ಷಮಿಸಲಾರೆನೆಂಬುದೂ ಇತ್ತು.

"ನಾಳೇನೂ ಅಲ್ಲೇ ಮಲಗಿಸಬೇಕಾ?" ಎಂದು ಕೇಳಿದಳು.

"ಹೂಂ."

"ನಾಡಿದ್ದು?"

"ಒಲೆ ಇರೋ ತನಕ ಯಾರಾದರೂ ಮಲಗಬೇಕಲ್ಲೇ."

"ಇವಳು ಬೆಳೆದು ಎದ್ದು ಓಡಾಡೋ ಹಂಗಾದ ಮೇಲೆ?"

ಒಲೆಯವನು ಕೂಸಿನ ಅಂಗಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಕೊರಡುಗಳ ಮೇಲೆ ಕೂತಿದ್ದವರೆಲ್ಲ ಆ ಪ್ರಶ್ನೆಯನ್ನು ಕೇಳಿಸಿಕೊಂಡರು, ಕೇಳಿಸಿಕೊಂಡು ನೆಲ ನೋಡಿದರು. ಸಾಲಿನ ಕಟ್ಟಕಡೆಯಲ್ಲಿ ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಬಸುರಿ ಕೂತಿದ್ದಳು. ಅವಳು ಯಾರಿಗೂ ಕಾಣದ ಹಾಗೆ ಸೆರಗನ್ನು ಎಳೆದು ತನ್ನ ಹೊಟ್ಟೆಯನ್ನು ಮುಚ್ಚಿಕೊಂಡಳು.